ರಿಪೇರಿಯಾ, ಹೊಸತಾ?

ಮುಂಬಯಿಯ ಘಾಟ್ಕೋಪರ್ ಪೂರ್ವದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹಾಕಿ 18 ವರ್ಷವಾಯಿತು. ಗಿರಾಕಿಗಳಿರಲಿ, ನೆಂಟರಿರಲಿ, ಮಾಟುಂಗಾದಲ್ಲಿ ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರಿರಲಿ, ನನ್ನ ಕಸುಬು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ರಿಪೇರಿ ಮಾಡಿಸುವುದಾ ಮಾರಾಯ್ರೆ, ಹೊಸತೇ ತಗೊಳ್ಳುವುದಾ?" ಫೋನ್ ಇನ್ನೂ ಅವರ ಕಿಸೆಯಲ್ಲೇ ಇರುತ್ತದೆ. ನಾನದನ್ನು ಕಣ್ಣಲ್ಲಿ ನೋಡಿಯೂ ಇರುವುದಿಲ್ಲ.

ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲಿಗೆ, ಬೆನ್ನ ಹಿಂದೆ ಆಡುವ ಮಾತಿಗೆ ಉತ್ತರ. "ಅವನ ಹೊಟ್ಟೆಪಾಡೇ ರಿಪೇರಿ, ಮತ್ತೆಂತ ಹೇಳುತ್ತಾನೆ?" ಅನ್ನುತ್ತಾರೆ. ಹೊಸ ಫೋನ್ ಮಾರುವ ಅಂಗಡಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ. ಗಿರಾಕಿಯನ್ನು ಕಳಿಸಿದರೆ ಕಮಿಷನ್ ಕೊಡುತ್ತೇವೆ ಎಂದು ಅವರು ಹೇಳಿ ಎಷ್ಟೋ ವರ್ಷವಾಯಿತು. ಒಂದು ಬ್ಯಾಟರಿ ಬದಲಿಸಿದರೆ ನನಗೆ ಸಿಗುವ ಕೂಲಿಗಿಂತ ಆ ಕಮಿಷನ್ನೇ ಹೆಚ್ಚು. ಲಾಭ ನೋಡುವುದಿದ್ದರೆ ನಾನು ಬೆಳಗಿನಿಂದ ರಾತ್ರಿವರೆಗೆ "ಹೊಸತೇ ತಗೊಳ್ಳಿ" ಅನ್ನುತ್ತಾ ಕೂರಬೇಕಿತ್ತು.

ಈಗ ಒಂದು ಸಂಗತಿ ಹೇಳುತ್ತೇನೆ. 2022ರ ಮಳೆಗಾಲ. ಸಂಜೆ ಏಳರ ಹೊತ್ತಿಗೆ ಒಬ್ಬರು ತಮ್ಮ ತಂದೆಯನ್ನು ಕರೆದುಕೊಂಡು ಬಂದರು. ಕುಂದಾಪುರದ ಕಡೆಯವರು. ತಂದೆ ಇಲ್ಲಿನ ಫೋರ್ಟ್ ಏರಿಯಾದ ಕ್ಯಾಂಟೀನೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತೈದು ವರ್ಷ ಕೂತವರು. ಮಗನ ಕೈಯಲ್ಲಿ ಹೊಸ ಫೋನಿನ ಡಬ್ಬ, ತಂದೆಯ ಕೈಯಲ್ಲಿ ಹಳೆಯದು. ಹಳೆಯದರಲ್ಲಿದ್ದ ನಂಬರು, ಫೋಟೋ ಎಲ್ಲ ಹೊಸದಕ್ಕೆ ಹಾಕಿಕೊಡಬೇಕಿತ್ತು. "ಹಳೆಯದಕ್ಕೆ ಎಂತ ಆಗಿದೆ?" ಅಂದೆ. "ಫೋನಿಗೆ ಏನೂ ಆಗಿಲ್ಲ, ಅಪ್ಪನಿಗೆ ಕಿವಿ ಕೇಳುವುದಿಲ್ಲ" ಅಂದರು ಮಗ. ಎಂಟು ತಿಂಗಳಿಂದ ಹೀಗೇ ಅಂತೆ. ಕಿವಿ ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಿದ್ದಾರೆ, ಡಾಕ್ಟರು ಕಿವಿ ವಯಸ್ಸಿಗೆ ತಕ್ಕ ಹಾಗೇ ಇದೆ ಅಂದಿದ್ದಾರೆ. ಆದರೂ ಫೋನಿನಲ್ಲಿ ಮಾತ್ರ ಕೇಳುವುದಿಲ್ಲ. ಬೇಕಂತಲೇ ಮಾಡುತ್ತಾರೆ ಎಂದು ಮನೆಯಲ್ಲಿ ಜಗಳವೂ ಆಗಿದೆ. ಕೊನೆಗೆ ಜೋರು ಸೌಂಡಿನ ಫೋನ್ ಎಂದು ಇದನ್ನು ಹನ್ನೆರಡು ಕಂತಿನಲ್ಲಿ ತಂದಿದ್ದಾರೆ.

ನಾನು ಹಳೆಯ ಫೋನಿಗೆ ಒಂದು ಕಾಲ್ ಹಚ್ಚಿ ನನ್ನ ಕಿವಿಗೆ ಇಟ್ಟೆ. ನನಗೂ ಕೇಳಲಿಲ್ಲ.

ರಿಂಗ್ ಆಗುವ ಸ್ಪೀಕರ್ ಕೆಳಗಿರುತ್ತದೆ, ಮಾತು ಕೇಳುವ ಸ್ಪೀಕರ್ ಮೇಲಿರುತ್ತದೆ. ರಿಂಗ್ ಜೋರಾಗಿಯೇ ಆಗುತ್ತಿದ್ದುದರಿಂದ ಫೋನ್ ಸರಿಯಿದೆ ಎಂದು ಎಲ್ಲರೂ ನಂಬಿದ್ದರು. ಮೇಲಿನದರ ಜಾಲರಿ ಕೂದಲೆಳೆಯಷ್ಟು ಸಣ್ಣದು. ಬೆವರು, ಪೌಡರ್, ಧೂಳು ಸೇರಿ ಅಲ್ಲಿ ಸಿಮೆಂಟಿನಂತೆ ಗಟ್ಟಿ ಕೂತಿತ್ತು. ಬ್ರಷ್ಷಿಗೆ ಒಂದು ಹನಿ ಐಪಿಎ (ನಾವು ಕ್ಲೀನ್ ಮಾಡಲು ಬಳಸುವ ಆಲ್ಕೋಹಾಲ್) ಹಚ್ಚಿ ಮೆಲ್ಲಗೆ ತಿಕ್ಕಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಊರಲ್ಲಿರುವ ಮಗಳಿಗೆ ಫೋನ್ ಹಚ್ಚಿಕೊಟ್ಟೆ. ಆಕೆ ಎಂಟು ತಿಂಗಳ ಅಭ್ಯಾಸದಂತೆ ಕಿರುಚಿದಳು. ಮುದುಕರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, "ಯಾಕೆ ಮಗಾ ಅಷ್ಟು ಬೊಬ್ಬೆ ಹಾಕುವುದು? ನನಗೆ ಕೇಳ್ತದೆ" ಅಂದರು.

ಮಗ ಹೊಸ ಡಬ್ಬವನ್ನೇ ನೋಡುತ್ತಾ ನಿಂತಿದ್ದರು. ಒಳ್ಳೆಯ ಮನುಷ್ಯ, ತಂದೆಗಾಗಿ ಸಾಲ ಮಾಡಿದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎಂಟು ತಿಂಗಳಲ್ಲಿ ಆ ಮನೆಯ ಒಬ್ಬರೂ ಆ ಫೋನನ್ನು ತಮ್ಮ ಕಿವಿಗೆ ಇಟ್ಟು ನೋಡಲಿಲ್ಲವಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವರದು ನೋ ಕಾಸ್ಟ್ ಕಂತು. ಬಡ್ಡಿ ಇಲ್ಲ ಎಂದೇ ತಿಳಿದಿದ್ದರು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಪ್ರೊಸೆಸಿಂಗ್ ಫೀಸಿನಲ್ಲೋ, ಕೈತಪ್ಪಿದ ಡಿಸ್ಕೌಂಟಿನಲ್ಲೋ ಸೇರಿರುತ್ತದೆ. ಅದರ ಮೇಲೆ ಫೋನಿಗೆ 18% ಜಿಎಸ್‌ಟಿ. ಕವರು, ಗ್ಲಾಸು, ಡಬ್ಬದಲ್ಲಿ ಚಾರ್ಜರ್ ಇಲ್ಲದಿದ್ದರೆ ಅದೂ ಬೇರೆ. ಜಾಲರಿ ತಿಕ್ಕಿದ್ದಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಅದಕ್ಕೇ ಹೇಳುವುದು, ನನ್ನನ್ನು ಕೇಳುವುದಿದ್ದರೆ "ಇದಕ್ಕೆ ಎಂತ ಆಗಿದೆ?" ಎಂದು ಕೇಳಿ. ಛಾವಣಿ ಸೋರಿದರೆ ಯಾರೂ ಮನೆ ಮಾರಲು ಹೊರಡುವುದಿಲ್ಲ, ಎಲ್ಲಿ ಸೋರುತ್ತದೆ ಎಂದು ಮೊದಲು ಹತ್ತಿ ನೋಡುತ್ತಾರೆ.

ಚಾರ್ಜ್ ಆಗುವುದಿಲ್ಲ ಎಂದು ತರುತ್ತಾರೆ. ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಓಡಾಡುವ ಜನ, ಪ್ಯಾಂಟಿನ ಕಿಸೆಯ ನೂಲು ಜ್ಯಾಕಿನೊಳಗೆ ಸೇರುತ್ತದೆ, ಪ್ರತಿ ಸಲ ಪಿನ್ ಹಾಕಿದಾಗಲೂ ಒತ್ತಿ ಒತ್ತಿ ಗಟ್ಟಿಯಾಗುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಕೆದಕಿದರೆ ಹತ್ತಿಯ ಉಂಡೆ ಹೊರಗೆ ಬರುತ್ತದೆ. ಸ್ಲೋ ಆಗಿದೆ ಅನ್ನುತ್ತಾರೆ. ತೆರೆದು ನೋಡಿದರೆ ಮೆಮೊರಿ ತುಂಬ ಗುಡ್ ಮಾರ್ನಿಂಗ್ ವಿಡಿಯೋ. ಇಲ್ಲವೇ ಬ್ಯಾಟರಿ ಮುಗಿದಿರುತ್ತದೆ. ಹಳೆಯ ಬ್ಯಾಟರಿಯ ಐಫೋನುಗಳ ವೇಗ ತಾವೇ ತಗ್ಗಿಸುತ್ತಿದ್ದೇವೆ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಹೊಸ ಬ್ಯಾಟರಿ ಹಾಕಿದರೆ ಅದೇ ಫೋನ್ ಮೊದಲಿನಂತೆ ಓಡುತ್ತಿತ್ತು. ಆ ಐಫೋನುಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆದ ಮೇಲೂ 80% ಶಕ್ತಿ ಉಳಿಯಬೇಕು ಎಂಬ ಲೆಕ್ಕದಲ್ಲಿ ಮಾಡಿದ್ದು. ಅಂದರೆ ಬ್ಯಾಟರಿ ಸವೆಯುವ ಸಾಮಾನು, ಚಪ್ಪಲಿಯ ಅಟ್ಟೆಯ ಹಾಗೆ.

ಮಳೆಗಾಲದಲ್ಲಿ ನೆನೆದ ಫೋನನ್ನು ಅಕ್ಕಿಯ ಡಬ್ಬದಿಂದ ನೇರ ತೆಗೆದು ತರುವವರಿಗೊಂದು ಮಾತು. ಅಕ್ಕಿ ಫೋನಿನೊಳಗಿನ ನೀರನ್ನು ಎಳೆಯುವುದಿಲ್ಲ. ನೀವು ಎರಡು ದಿನ ಕಾಯುತ್ತೀರಿ, ಅಷ್ಟರಲ್ಲಿ ಒಳಗಿನ ಸರ್ಕಿಟ್ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ನೆನೆದರೆ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಅದೇ ದಿನ ತನ್ನಿ.

"ಹೊಸತು ತಗೊಳ್ಳಿ" ಎಂದು ನಾನು ಹೇಳುವುದೂ ಇದೆ. ಬೋರ್ಡ್ ಪೂರ್ತಿ ಡೆಡ್ ಆಗಿದ್ದರೆ ಹೇಳುತ್ತೇನೆ. ಒರಿಜಿನಲ್ ಫೋಲ್ಡರ್, ಅಂದರೆ ಗಾಜು ಸೇರಿದ ಡಿಸ್‌ಪ್ಲೇ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡೆಲ್ಲ ಅಲೆದರೂ ಸಿಗದೆ, ಸಿಕ್ಕ ಕಾಪಿ ನಾಲ್ಕು ತಿಂಗಳು ಬಾಳದು ಅನ್ನಿಸಿದರೆ ಹೇಳುತ್ತೇನೆ. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಬೋರ್ಡ್ ಸರಿ, ಫೋಲ್ಡರ್ ಸರಿ, ಬ್ಯಾಟರಿ ಸರಿ, ಆದರೆ ಸಾಫ್ಟ್‌ವೇರ್ ಅಪ್‌ಡೇಟ್ ನಿಂತಿದೆ. 2025ರ ಜನವರಿ 1ರಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸಾಪ್ ನಿಂತಿತು. ಆ ವಾರ ಮನೆಗೆಲಸಕ್ಕೆ ಹೋಗುವ ಒಬ್ಬ ಹೆಂಗಸು ಅಂಥದೇ ಫೋನ್ ತಂದಿದ್ದರು, ಗೀರು ಕೂಡ ಬೀಳದ ಹಾಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡದ್ದು. ನನ್ನ ಯಾವ ಸ್ಕ್ರೂಡ್ರೈವರಿಗೂ ಅಲ್ಲಿ ಕೆಲಸವಿರಲಿಲ್ಲ. ಫೋನ್ ಕೆಟ್ಟಿಲ್ಲ ಎಂದು ಆಕೆಗೆ ಹೇಳಿದೆ. ಮತ್ತೆ ಯಾಕೆ ನಡೆಯುವುದಿಲ್ಲ ಎಂದು ಕೇಳಿದರು.

ನೋಕಿಯಾ ಕಾಲದಲ್ಲಿ ಉಗುರಿನಿಂದ ಮುಚ್ಚಳ ತೆಗೆದು ಬಿಎಲ್-5ಸಿ ಬ್ಯಾಟರಿಯನ್ನು ಗಿರಾಕಿಯೇ ಬದಲಿಸುತ್ತಿದ್ದ. ಈಗ ಎಲ್ಲ ಗೋಂದು ಹಾಕಿ ಅಂಟಿಸಿರುತ್ತಾರೆ, ಅದನ್ನು ಕರಗಿಸಲು ಹೀಟರ್ ಬೇಕು, ಸ್ವಲ್ಪ ಕೈ ತಪ್ಪಿದರೆ ಬ್ಯಾಟರಿಗೆ ತೂತು ಬಿದ್ದು ಬೆಂಕಿ. ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಎಂಬ ಕಾನೂನು ಬರುತ್ತದೆ. ನಮ್ಮ ಕೇಂದ್ರ ಸರಕಾರ ರಿಪೇರಿಯ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಸಮಿತಿ ಮಾಡಿತು, ಆಮೇಲೆ ಪೋರ್ಟಲ್ ತೆರೆಯಿತು. ಗೋಂದು ಮಾತ್ರ ನನ್ನ ಮೇಜಿನ ಮೇಲೆ ಹಾಗೇ ಇದೆ.

ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ. ಬರುವಾಗ ಫೋನಿನ ಜೊತೆ ಚಾರ್ಜರ್, ಕೇಬಲ್ ಎರಡನ್ನೂ ತನ್ನಿ, ಎಷ್ಟೋ ಸಲ ಕೆಟ್ಟಿರುವುದು ಕೇಬಲ್ಲೇ. ನೀರಿಗೆ ಬಿದ್ದಿದ್ದರೆ ಮುಚ್ಚಿಡಬೇಡಿ, ಒಳಗಿನ ಬಿಳಿ ಸ್ಟಿಕ್ಕರ್ ಕೆಂಪಾಗಿರುತ್ತದೆ, ನನಗೆ ಗೊತ್ತಾಗಿಯೇ ಆಗುತ್ತದೆ.