ಬಿಷಪ್ ಬೇಕು, ಪೋಪ್ ಬೇಡ

ತುಮಕೂರಿನ ನನ್ನ ಕ್ಯಾಥೊಲಿಕ್ ಗೆಳೆಯ ಆಗಾಗ ಕೆಣಕುತ್ತಾನೆ: "ಬಿಷಪ್ ಇದ್ದಾರೆ, ನಿಲುವಂಗಿ ಇದೆ, ಪೋಪ್ ಮಾತ್ರ ಬೇಡ. ನೀವು ಸಿಎಸ್‌ಐನವರು ಯಾವ ಕಡೆ ಗುರು, ಕ್ಯಾಥೊಲಿಕ್ಕೋ ಪ್ರಾಟೆಸ್ಟಂಟೋ?"

ನ್ಯಾಯವಾದ ಪ್ರಶ್ನೆಯೇ. ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಹಲವು ಸಭೆಗಳು ಕೂಡಿ ಆದದ್ದು. 1947ರಲ್ಲಿ ಸಿಎಸ್‌ಐ ಆದಾಗ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರ ಜೊತೆ ಆಂಗ್ಲಿಕನ್ನರೂ (ಇಂಗ್ಲೆಂಡಿನ ಸಭೆಯ ಪರಂಪರೆಯವರು) ಸೇರಿದರು, ಬಿಷಪ್ ಪದ್ಧತಿ ಬಂದದ್ದು ಅವರಿಂದ. 1534ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಪೋಪನ ರೋಮ್ ಸಭೆ ಬಿಟ್ಟ ಕತೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಜಾಸ್ತಿ ಹಿಡಿಸುವುದು ಕರ್ತನ ಭೋಜನದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಆಚರಣೆಯ) ಮಾತು. ಆಂಗ್ಲಿಕನ್ನರ 1549ರ ಪ್ರಾರ್ಥನಾ ಪುಸ್ತಕದ ಪ್ರಕಾರ ರೊಟ್ಟಿ ಕೊಡುವಾಗ, ಕ್ರಿಸ್ತನ ಶರೀರ ನಿನ್ನನ್ನು ಕಾಯಲಿ ಅನ್ನಬೇಕಿತ್ತು. 1552ರಲ್ಲಿ ಅದನ್ನು ಕಿತ್ತುಹಾಕಿ, ಆತ ನಿನಗಾಗಿ ಸತ್ತದ್ದನ್ನು ನೆನೆದು ತಿನ್ನು ಅಂತ ಮಾಡಿದರು. 1559ರಲ್ಲಿ, ರಾಣಿ ಎಲಿಜಬೆತ್ ಕಾಲಕ್ಕೆ, ಎರಡೂ ಕಡೆಯವರು ಒಪ್ಪುವ ಹಾಗೆ ಎರಡನ್ನೂ ಸುಮ್ನೆ ಒಂದರ ಹಿಂದೊಂದು ಜೋಡಿಸಿಬಿಟ್ಟರು! ಜಾಣತನ ಅಲ್ವಾ?

ಹಾಗಂತ ಆಂಗ್ಲಿಕನ್ನರು ಕ್ಯಾಥೊಲಿಕ್, ಪ್ರಾಟೆಸ್ಟಂಟ್‌ಗಳ ಸರಿಯಾಗಿ ನಡುವೆ ನಿಂತವರು ಅನ್ನೋದನ್ನು ನಾನು ಒಪ್ಪಲ್ಲ. ಅವರ ನಂಬಿಕೆಯನ್ನು ಹೇಳುವ 39 ವಿಧಿಗಳನ್ನು ಓದಿ. ನಂಬಿಕೆಯೊಂದರಿಂದಲೇ ನೀತಿವಂತರಾಗುತ್ತೇವೆ ಎನ್ನುತ್ತವೆ, ರೊಟ್ಟಿಯ ಸತ್ವವೇ ಕ್ರಿಸ್ತನ ಶರೀರವಾಗಿ ಬದಲಾಗುತ್ತದೆ ಎಂಬ ಕ್ಯಾಥೊಲಿಕ್ ಬೋಧನೆಯನ್ನು ಖಡಾಖಂಡಿತ ತಳ್ಳಿಹಾಕುತ್ತವೆ. ಬೋಧನೆ ಪ್ರಾಟೆಸ್ಟಂಟ್ ಸುಧಾರಣೆಯದು, ಆಡಳಿತ ಹಳೆಯದು. 1841ರಲ್ಲಿ ಆಂಗ್ಲಿಕನ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಇದೇ ವಿಧಿಗಳಿಗೆ ಕ್ಯಾಥೊಲಿಕ್ ಅರ್ಥ ಹೇಳಲು ಹೋಗಿ ದೊಡ್ಡ ಗಲಾಟೆಯೇ ಆಯಿತು. 1845ರಲ್ಲಿ ಅವರೇ ರೋಮ್ ಸಭೆ ಸೇರಿದರು.