"ಕಾನೂನಿಗೆ ಇಷ್ಟು ಸಾಕು" ಅಂದಿದ್ದೆ

ಆ ಹುಡುಗ ಪತ್ರವನ್ನು ನನ್ನ ಮೇಜಿನ ಮೇಲಿಟ್ಟ. "ಅಣ್ಣ, ಇನ್ಶೂರೆನ್ಸ್ ಇದ್ದೂ ನಾನ್ಯಾಕೆ ಕಟ್ಟಬೇಕು?" ಅಂದ. 2024ರ ನವೆಂಬರ್. ಉತ್ತರ ನನಗೆ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಕಾರ್ ಇನ್ಶೂರೆನ್ಸ್ ಮಾಡಿಸಿಕೊಡುವುದು ನನ್ನ ಕೆಲಸ. ಈ ಹುಡುಗ ಹಾಸನದವನು, ಎಂ.ಎಸ್. ಓದಲು ಬಂದವನು. ಹಳೇ ಕೊರೊಲಾ ತಗೊಂಡಿದ್ದ. "ಎಲ್ಲಕ್ಕಿಂತ ಕಡಿಮೆದು ಹಾಕಿಕೊಡಿ ಅಣ್ಣ" ಅಂದಿದ್ದ. 15/30/5 ಹಾಕಿದೆ. ಇವು ನಮ್ಮ ತಪ್ಪಿಗೆ ಎದುರಿನವರಿಗೆ ಇನ್ಶೂರೆನ್ಸ್ ಕೊಡುವ ಮಿತಿ, ಸಾವಿರ ಡಾಲರ್ ಲೆಕ್ಕದಲ್ಲಿ: ಒಬ್ಬರ ಗಾಯಕ್ಕೆ 15, ಎಲ್ಲರ ಗಾಯಕ್ಕೂ ಸೇರಿ 30. ಆಗ ರಾಜ್ಯದ ಮಿನಿಮಮ್ ಅದೇ. "ಕಾನೂನಿಗೆ ಇಷ್ಟು ಸಾಕು" ಅಂದೆ. ಓದೋ ಹುಡುಗ, ನಾಲ್ಕು ಕಾಸು ಉಳಿಯಲಿ ಅಂತಲೇ ಮಾಡಿದ್ದು.

ಕೊನೆಯ ಆ 5 ಅಂದರೆ ಎದುರಿನವರ ಗಾಡಿಗೆ 5,000 ಡಾಲರ್. 1967ರಿಂದ ಅಲ್ಲಿಯವರೆಗೂ ಬದಲಾಗದೇ ಇದ್ದ ಅಂಕಿ. ಸಿಗ್ನಲ್‌ನಲ್ಲಿ ಅವನು ಹಿಂದಿನಿಂದ ಗುದ್ದಿದ್ದು ಹೊಸ ಎಲೆಕ್ಟ್ರಿಕ್ ಕಾರಿಗೆ. ಬಂಪರ್, ಕ್ಯಾಮೆರಾ, ಸೆನ್ಸರ್ ಎಲ್ಲ ಸೇರಿ ರಿಪೇರಿ 14,200. ನಮ್ಮ ಕಡೆಯಿಂದ 5,000 ಹೋಯಿತು. ಉಳಿದ 9,200ಕ್ಕೆ ಆ ಕಡೆಯ ಇನ್ಶೂರೆನ್ಸ್‌ನವರು ಇವನ ಹೆಸರಿಗೇ ಪತ್ರ ಹಾಕಿದ್ದರು.

ಡೆಕ್ ಪೇಜ್, ಅಂದರೆ ಪಾಲಿಸಿಯಲ್ಲಿ ಯಾವುದಕ್ಕೆ ಎಷ್ಟು ಅಂತ ಬರೆದಿರುವ ಪುಟ, ತೆಗೆದು ಕೊಟ್ಟೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. ಪ್ರಾಪರ್ಟಿ ಡ್ಯಾಮೇಜ್, ಅದೇ ಆ 5,000ದ ಸಾಲಿನ ಹತ್ತಿರ ಬೆರಳು ನಿಂತಿತು. "ಇದನ್ನ ನೀವು ಹೇಳಲೇ ಇಲ್ಲ ಅಲ್ವಾ?" ಅಂದ. ದನಿ ಏರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಂಗೆ ಏನಂತ ಹೇಳಲಿ?" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನು ಹೋದ ಮೇಲೆ ಕೋಟ್, ಅಂದರೆ ಪ್ರೀಮಿಯಂ ಲೆಕ್ಕ, ಮತ್ತೆ ತೆಗೆದೆ. 50/100/50ಕ್ಕೆ ತಿಂಗಳಿಗೆ 21 ಡಾಲರ್ ಜಾಸ್ತಿ, ಅಷ್ಟೇ. ಅವತ್ತು ಈ ಎರಡನೇ ಕೋಟ್ ನಾನು ತೆಗೆದೇ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ತೆರೆದರೆ ಮಿನಿಮಮ್ಮೇ ಮೊದಲು ಬಂದು ಕೂರುತ್ತದೆ. ಮ್ಯಾನೇಜರ್ ಕೇಳುವುದು ಇವತ್ತು ಎಷ್ಟು ಬೈಂಡ್ ಆಯಿತು, ಅಂದರೆ ಎಷ್ಟು ಪಾಲಿಸಿ ಪಕ್ಕಾ ಆಯಿತು ಅಂತ ಮಾತ್ರ. ಸಾಫ್ಟ್‌ವೇರ್‌ನಲ್ಲಿ ಅದನ್ನು ಬದಲಿಸಿ ಅಂತ ಎರಡು ಸಲ ಬರೆದೆ, ಉತ್ತರವಿಲ್ಲ. ಆದರೆ ಹುಡುಗನ ಎದುರು ಕೂತಿದ್ದವನು ನಾನು, ಸಾಫ್ಟ್‌ವೇರ್ ಅಲ್ಲ.

2025ರ ಜನವರಿ 1ರಿಂದ ಮಿನಿಮಮ್ 30/60/15 ಆಯಿತು. ಅವನ 14,200 ಅದರೊಳಗೇ ಮುಗಿಯುತ್ತಿತ್ತು. ಹಾಗಂತ ಈಗಿನ ಕಾರುಗಳಿಗೆ 15,000 ಕೂಡ ಸಾಲದು. ಕಡಿಮೆ ಬೇಕು ಅಂತ ಬಂದವರಿಗೆ ನಾನೀಗ ಬೇರೆ ಕಡೆ ಉಳಿಸಿಕೊಡುತ್ತೇನೆ. ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ ಅಂತ ಸರಿಯಾಗಿ ಕೇಳಿ ಹಾಕುತ್ತೇನೆ. ಇಲ್ಲಿ ರೇಟಿಗೆ ಅದು ಲೆಕ್ಕಕ್ಕೆ ಬರುತ್ತದೆ, ಕ್ರೆಡಿಟ್ ಸ್ಕೋರ್ ಬರುವುದಿಲ್ಲ. ಹಳೇ ಕಾರಿಗೆ ಕೊಲಿಷನ್, ಅಂದರೆ ಗುದ್ದಿದಾಗ ನಮ್ಮದೇ ಕಾರಿನ ರಿಪೇರಿಗೆ ಸಿಗುವ ಕವರ್, ಬೇಕೇ ಬೇಕಾ ಅಂತ ಕೇಳುತ್ತೇನೆ. ಬೇಕು ಅಂದರೆ ಡಿಡಕ್ಟಿಬಲ್, ಅಂದರೆ ರಿಪೇರಿಯಲ್ಲಿ ಮೊದಲು ನಮ್ಮ ಕೈಯಿಂದ ಹಾಕುವ ಹಣ, 500ರಿಂದ 1,000ಕ್ಕೆ ಏರಿಸಿ ನೋಡುತ್ತೇನೆ. ಎದುರಿನವರಿಗೆ ಕೊಡುವ ಲಯಬಿಲಿಟಿಗೆ ಮಾತ್ರ ಕೈ ಹಾಕುವುದಿಲ್ಲ.

ಆ 9,200ನ್ನು ಕಂತಿನಲ್ಲಿ ಕಟ್ಟುತ್ತೇನೆ ಅಂತ ಹುಡುಗ ಆ ಕಡೆಯ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡುವಾಗ ನಾನೂ ಅವನ ಪಕ್ಕದಲ್ಲಿ ಕೂತಿದ್ದೆ. ತಿಂಗಳಿಗೆ 200ಕ್ಕೆ ಒಪ್ಪಿದರು. ಇನ್ನೂ ಕಟ್ಟುತ್ತಿದ್ದಾನೆ.