ಕಾಲುವೆ ಕೋಡ್: ಗೋಟು ಬಿಡಿಸುವ ಕೆಲಸ, ಮೂರನೇ ವಾರ

ಹಳೇ ಪ್ರೋಗ್ರಾಂ ಒಂದರಿಂದ ಗೋಟುಗಳನ್ನು, ಅಂದರೆ ‘ಇಂಥ ಸಾಲಿಗೆ ಹಾರು’ ಅನ್ನುವ ಆದೇಶಗಳನ್ನು, ತೆಗೆಯುತ್ತಿದ್ದೇನೆ. ಶುರುವಿನಲ್ಲಿ 41 ಗೋಟು ಇದ್ದವು. ಇವತ್ತಿಗೆ 9 ಉಳಿದಿವೆ.

ಇದು ನನ್ನ ಸೋದರಮಾವ ಇಲ್ಲೇ ದಾವಣಗೆರೆಯಲ್ಲಿ ಸಿವಿಲ್ ಓದುವಾಗ ಫೋರ್ಟ್ರಾನ್ 77 ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಕಾಲುವೆಯ ಅಗಲ, ಇಳಿಜಾರು, ಹರಿವು ಕೊಟ್ಟರೆ ಮ್ಯಾನಿಂಗ್ ಸೂತ್ರ (ತೆರೆದ ಕಾಲುವೆಯ ಹರಿವಿನ ಲೆಕ್ಕ) ಹಿಡಿದು ನೀರಿನ ಆಳ ಹೇಳುತ್ತದೆ. ಮಾವ ಭದ್ರಾ ನಾಲೆಯ ಕೊನೆಭಾಗದ ಊರಿನವರು. ನಾಲೆಗೆ ನೀರು ಬಂತಾ ಅಂತ ಕೇಳಿಕೊಂಡೇ ದೊಡ್ಡವರಾದವರು. ಈ ಕೋಡ್ ಹಾಳಾಗಬಾರದು ಅಂತ ನನಗೆ ಆಸೆ.

ಜಾಸ್ತಿ ಹೊತ್ತು ಹಿಡಿದಿದ್ದು ಮೂರು ದಾರಿಯ ಇಫ್. ‘ಇಫ್ (ಡಿ) 10, 20, 30’ ಅಂತ ಬರೆದಿರುತ್ತಾರೆ. ಆ ನಂಬರುಗಳೇ ಲೇಬಲ್, ಅಂದರೆ ಯಾವ ಸಾಲಿಗೆ ಹಾರಬೇಕು ಅನ್ನುವ ಗುರುತು. ಡಿ ಅಂದರೆ ಲೆಕ್ಕದಲ್ಲಿ ಬಂದ ಹರಿವಿನಿಂದ ಬೇಕಾದ ಹರಿವನ್ನು ಕಳೆದದ್ದು. ಋಣವಾದರೆ 10ನೇ ಲೇಬಲ್‌ಗೆ ಹೋಗಿ ಆಳ ಹೆಚ್ಚಿಸು, ಸೊನ್ನೆಯಾದರೆ 20ಕ್ಕೆ ಹೋಗಿ ಮುಗಿಸು, ಧನವಾದರೆ 30ಕ್ಕೆ ಹೋಗಿ ಆಳ ಇಳಿಸು. ಭಾಷೆಯ ಹೊಸ ಆವೃತ್ತಿ ಫೋರ್ಟ್ರಾನ್ 2018 ಇದನ್ನು ಭಾಷೆಯಿಂದಲೇ ತೆಗೆದಿದೆ. ನಾನು ಬಳಸುವ ಕಂಪೈಲರ್ ಜಿಫೋರ್ಟ್ರಾನ್ ಎಚ್ಚರಿಕೆ ಕೊಟ್ಟು ಕಂಪೈಲ್ ಮಾಡುತ್ತದೆ, ಅಷ್ಟೇ. ಈಗ ಅಲ್ಲಿ ಇಫ್, ಎಲ್ಸ್ ಇಫ್, ಎಂಡ್ ಇಫ್ ಇದೆ. ಸುತ್ತಲಿನ ಗೋಟು ಹೋಗಿ ಡೂ (ಮತ್ತೆ ಮತ್ತೆ ಮಾಡುವ ಲೂಪ್), ಎಕ್ಸಿಟ್ (ಅದರಿಂದ ಹೊರಬರುವುದು) ಬಂದಿವೆ.

ಒಂದು ಕಡೆ ಎಡವಿದೆ. ಹಳೇ ಪ್ರೋಗ್ರಾಂನ ಔಟ್‌ಪುಟ್ ಮೊದಲೇ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಒಂದೊಂದು ಬದಲಾವಣೆ ಆದ ಮೇಲೂ ಅದರ ಜೊತೆ ಹೋಲಿಸುತ್ತೇನೆ. ಮಂಗಳವಾರ ಟೇಬಲ್‌ನಲ್ಲಿ 25 ಸಾಲು ಇರಬೇಕಾದಲ್ಲಿ 24 ಬಂತು. ಆಳ ಹುಡುಕುವ ಲೂಪಿನಲ್ಲೇ ತಪ್ಪಿದೆ ಅಂದುಕೊಂಡು ಇಡೀ ಸಂಜೆ ಅಲ್ಲೇ ತಡಕಾಡಿದೆ. ಕೊನೆಗೆ ಮಾವನಿಗೆ ಫೋನ್ ಮಾಡಿ ಟೇಬಲ್ ಬರೆಯುವ ಭಾಗದ ಸಾಲುಗಳನ್ನು ಓದಿ ಹೇಳಿದೆ. ‘ಇಫ್ (ಎನ್ - ಎನ್‌ಮ್ಯಾಕ್ಸ್) 20, 20, 90’ ಬಂದ ಕೂಡಲೇ ತಡೆದರು. "ಸಮ ಬಂದ್ರೂ ಇಪ್ಪತ್ತಕ್ಕೇ ಹೋಗ್ಬೇಕಲ್ಲೋ!"

ಈ ಭಾಗದಲ್ಲಿ ಎನ್ ಅಂದರೆ ಸಾಲಿನ ಎಣಿಕೆ, ಎನ್‌ಮ್ಯಾಕ್ಸ್ ಅಂದರೆ ಕೊನೆಯ ಸಾಲು; 20ಕ್ಕೆ ಹೋದರೆ ಸಾಲು ಬರೆ, 90ಕ್ಕೆ ಹೋದರೆ ಮುಗಿಸು. ಎರಡು ಸಲ 20 ಇದೆ, ಅಲ್ವಾ? ಹಾಗಂದರೆ ‘ಕಡಿಮೆ ಅಥವಾ ಸಮ’. ನಾನು ಬರೀ ‘ಕಡಿಮೆ’ ಅಂತ ಬರೆದಿದ್ದೆ. ಒಂದು ಚಿಹ್ನೆ ಸೇರಿಸಿದೆ, ಕೊನೆಯ ಸಾಲು ವಾಪಸ್ ಬಂತು. ಆಮೇಲೆ ಇಂಥ ಇಫ್ ಎಲ್ಲವನ್ನೂ ಮತ್ತೊಮ್ಮೆ ನೋಡಿದೆ. ಇನ್ನೆರಡು ಕಡೆ ಇದೇ ತಪ್ಪಿತ್ತು. ಅವು ದಶಮಾಂಶದ ಲೆಕ್ಕಗಳು. ಸರಿಯಾಗಿ ಸಮ ಬರುವುದು ಅಪರೂಪ, ಹಾಗಾಗಿ ಹೋಲಿಸಿದಾಗ ಸಿಕ್ಕಿರಲಿಲ್ಲ.

ಉಳಿದ 9ರಲ್ಲಿ ಒಂದು ನಿಜಕ್ಕೂ ಗಂಟು. ಗೋಟುವಿನಿಂದಲೇ ಕಟ್ಟಿದ ಲೂಪಿನ ನಡುವಿಗೆ ಹೊರಗಿನಿಂದ ಬಂದು ಬೀಳುತ್ತದೆ. ಕಾಗದದ ಮೇಲೆ ಬಾಣ ಹಾಕಿ ಬರೆಯುತ್ತಿದ್ದೇನೆ. ಲೇಬಲ್ 35ಕ್ಕೆ ಈಗಾಗಲೇ ಮೂರು ಬಾಣ ಬಂದಿವೆ. ಭಾನುವಾರ ಮಾವ ಮನೆಗೆ ಬರುತ್ತಾರೆ, ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ.